ಫಿನ್ನಿಶ್‌ನ ‘ಕುನಿಂಗಸ್’ ಸ್ವೀಡಿಶ್‌ನಿಂದ ಬಂದದ್ದೇ? ಎರವಲು ಪದದ ಕಾಲ ಹೇಳುವ ಬಗೆ (ಚರ್ಚೆ)

ನುಡಿಬೇರು:

ಅರಸನಿಗೆ ಸ್ವೀಡಿಶ್‌ನಲ್ಲಿ ‘ಕುಂಗ್’, ಇಂಗ್ಲಿಷ್‌ನಲ್ಲಿ ‘ಕಿಂಗ್’. ಎರಡೂ ಜರ್ಮಾನಿಕ್ ಬಳಗದವು, ಹೋಲಿಕೆ ಸಹಜ. ಫಿನ್ನಿಶ್ ಆ ಬಳಗದ್ದೇ ಅಲ್ಲ. ಎಸ್ಟೋನಿಯನ್, ಕರೇಲಿಯನ್, ಸಾಮಿ, ದೂರದ ಹಂಗೇರಿಯನ್ ಅದರ ನಂಟರು. ಆದರೂ ಫಿನ್ನಿಶ್‌ನಲ್ಲಿ ಅರಸ ‘ಕುನಿಂಗಸ್’. ಫಿನ್‌ಲ್ಯಾಂಡ್ 1809ರವರೆಗೆ ಸುಮಾರು ಆರು ಶತಮಾನ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು, ಆದ್ದರಿಂದ ಇದು ಸ್ವೀಡಿಶ್ ಎರವಲು ಎಂದು ಹಲವರು ಬರೆಯುತ್ತಾರೆ. ಹಾಗಿದ್ದರೆ ಕೊನೆಯ ‘ಅಸ್’ ಎಲ್ಲಿಯದು? ಸ್ವೀಡಿಶ್ ಪದದಲ್ಲಿ ಅದು ಇಲ್ಲವಲ್ಲ?

ಲಿಪಿಯ ಬಗ್ಗೆ ಒಂದು ಮಾತು. ಇಲ್ಲಿ ಪದಗಳನ್ನು ಬರಹದ ರೂಪಕ್ಕೆ ಹತ್ತಿರವಾಗಿ ಕನ್ನಡದಲ್ಲಿ ಬರೆಯೋಣ. ಬರಹದಲ್ಲಿ ಎಲ್ಲೂ ಸಿಗದ, ತುಲನೆಯಿಂದ ಕಟ್ಟಿದ ರೂಪಕ್ಕೆ ಮುಂದೆ * ಗುರುತು ಇರಲಿ.

ಹಿಮನುಡಿ:

ಆ ‘ಅಸ್’ ಹಿಡಿದುಕೊಂಡರೆ ಉತ್ತರ ಸಿಕ್ಕಿಬಿಡುತ್ತದೆ.

ಮೂಲ ಜರ್ಮಾನಿಕ್‌ನಲ್ಲಿ, ಅಂದರೆ ಆ ಬಳಗದ ನುಡಿಗಳೆಲ್ಲ ಕವಲೊಡೆದ ತಾಯಿನುಡಿಯಲ್ಲಿ, ಪುಲ್ಲಿಂಗ ನಾಮಪದಗಳ ಒಂದು ದೊಡ್ಡ ಗುಂಪಿಗೆ ಪ್ರಥಮಾ ವಿಭಕ್ತಿಯಲ್ಲಿ ‘-ಅಜ಼್’ ಪ್ರತ್ಯಯ ಇತ್ತು. ಅರಸ *ಕುನಿಂಗಜ಼್, ಬಳೆ *ಹ್ರೆಂಗಜ಼್, ಜಾಣ *ವೀಸಜ಼್. ಫಿನ್ನಿಶ್‌ನಲ್ಲಿ ‘ಜ಼’ ಧ್ವನಿ ಇಲ್ಲ, ಅದರ ಜಾಗದಲ್ಲಿ ‘ಸ’ ಬಂತು. ಹೀಗೆ ಕುನಿಂಗಸ್, ರೆಂಗಸ್, ವೀಸಸ್.

ಜರ್ಮಾನಿಕ್ ನುಡಿಗಳು ತಮ್ಮ ತಮ್ಮಲ್ಲೇ ಈ ಪ್ರತ್ಯಯವನ್ನು ಕಳೆದುಕೊಂಡವು. ನಾರ್ಡಿಕ್ ಕಡೆ ‘ಜ಼್’ ನಿಧಾನವಾಗಿ ‘ರ್’ ಆಯಿತು, ಅದರ ಹಿಂದಿನ ‘ಅ’ ಬಿದ್ದುಹೋಯಿತು. ಹಳೆಯ ನಾರ್ಸ್‌ನಲ್ಲಿ ‘ಕೊನುಂಗ್ರ್’, ಆಮೇಲೆ ‘ಕೊನುಂಗ್’, ಈಗ ‘ಕುಂಗ್’. 4ನೇ ಶತಮಾನದಲ್ಲಿ ವುಲ್ಫಿಲ ಬೈಬಲ್ ಅನುವಾದಿಸಿದ, ಈಗ ಅಳಿದುಹೋದ ಪೂರ್ವದ ಜರ್ಮಾನಿಕ್ ನುಡಿ ಗೋಥಿಕ್‌ನಲ್ಲೂ ‘ಅ’ ಆಗಲೇ ಇರಲಿಲ್ಲ, ಬರೀ ‘-ಸ್’ ಉಳಿದಿತ್ತು. ಅಂದರೆ ಕುನಿಂಗಸ್ ಪದವನ್ನು ಫಿನ್ನಿಶ್‌ನ ಪೂರ್ವಿಕರು ಪಡೆದದ್ದು ಆ ‘ಅ’ ಬೀಳುವ ಮೊದಲು. ಆಗ ಸ್ವೀಡಿಶ್ ಎಂಬ ಪ್ರತ್ಯೇಕ ನುಡಿಯೂ ಇರಲಿಲ್ಲ, ಫಿನ್ನಿಶ್ ಎಂಬ ಪ್ರತ್ಯೇಕ ನುಡಿಯೂ ಇರಲಿಲ್ಲ.

ಈ ‘-ಅಜ಼್’ ಬರೀ ಊಹೆ ಅಲ್ಲ. ಡೆನ್ಮಾರ್ಕಿನ ಗ್ಯಾಲೆಹುಸ್‌ನಲ್ಲಿ 1639ರಲ್ಲಿ ಒಂದು, 1734ರಲ್ಲಿ ಇನ್ನೊಂದು ಚಿನ್ನದ ಕೊಂಬು ಸಿಕ್ಕವು. ಎರಡನೆಯದರ ಮೇಲೆ ರೂನ್ ಲಿಪಿಯಲ್ಲಿ ಒಂದು ಸಾಲು ಇತ್ತು: ‘ಏಕ್ ಹ್ಲೆವಗಸ್ತಿಜ಼್ ಹೊಲ್ತಿಯಜ಼್ ಹೊರ್ನ ತವಿದೊ’. ಇಂಥವನಾದ ನಾನು ಈ ಕೊಂಬನ್ನು ಮಾಡಿದೆ ಎಂಬ ಅರ್ಥ. ಕಾಲ ಸುಮಾರು ಕ್ರಿ.ಶ. 400. ‘ಹೊಲ್ತಿಯಜ಼್’ನ ಕೊನೆ ನೋಡಿ, ಕುನಿಂಗಸ್‌ನದೇ ಕೊನೆ. 1802ರಲ್ಲಿ ಕಳ್ಳನೊಬ್ಬ ಎರಡೂ ಕೊಂಬುಗಳನ್ನು ಕದ್ದು ಕರಗಿಸಿದ. ಅದಕ್ಕೂ ಮೊದಲೇ ಚಿತ್ರ ಬರೆದಿಟ್ಟಿದ್ದರಿಂದ ಆ ಸಾಲು ನಮಗೆ ಉಳಿಯಿತು. ಚಿನ್ನದ ಮೇಲೆ ಕೆತ್ತಿದ್ದು ಹೋಯಿತು. ಫಿನ್ನಿಶ್ ಜನರ ಬಾಯಲ್ಲಿದ್ದ ‘ಅಸ್’ ಇವತ್ತಿಗೂ ಇದೆ.

ತದ್ಭವಪ್ರಿಯ:

ಇದನ್ನು ಮೊದಲು ವ್ಯವಸ್ಥಿತವಾಗಿ ತೋರಿಸಿದವರು ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸೆನ್, 1869ರ ತಮ್ಮ ಪ್ರಬಂಧದಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಫಿನ್‌ಲ್ಯಾಂಡಿನ ಯೊರ್ಮ ಕೊಯಿವುಲೆಹ್ತೊ ಅದಕ್ಕಿಂತ ಹಳೆಯ ಪದರಗಳನ್ನು ಬಿಡಿಸಿ ತೋರಿಸಿದರು.

ಕನ್ನಡ ಓದುಗರಿಗೆ ಈ ತರ್ಕ ಹೊಸದಲ್ಲ. ‘ಪರ್ವ’ ನಮ್ಮಲ್ಲಿ ಎರಡು ರೂಪದಲ್ಲಿದೆ. ಮೊದಲು ಬಂದದ್ದು ‘ಪಬ್ಬ’ ಆಗಿ, ಹಳಗನ್ನಡದ ಪಕಾರ ಹಕಾರವಾದಾಗ ಅದರ ಜೊತೆಗೇ ‘ಹಬ್ಬ’ ಆಯಿತು. ಮತ್ತೆ ಸಂಸ್ಕೃತದಿಂದ ನೇರ ತಂದ ‘ಪರ್ವ’ ಹಾಗೇ ಉಳಿಯಿತು. ‘ಹಾಲು’, ‘ಹುಲಿ’ಗಳ ಜೊತೆ ‘ಹಬ್ಬ’ವೂ ಬದಲಾಗಿದೆ ಎಂದರೆ ಆ ಬದಲಾವಣೆಗೆ ಮೊದಲೇ ಅದು ಮನೆ ಸೇರಿತ್ತು ಎಂದರ್ಥ.

ಫಿನ್ನಿಶ್‌ನಲ್ಲೂ ಹಬ್ಬದ ಪದವೇ ಇಂಥ ಜೋಡಿ ಆಗಿದೆ. ‘ಯುಹ್ಲ’ ಎಂದರೆ ಯಾವುದೇ ಹಬ್ಬ, ಸಮಾರಂಭ. ‘ಯೊವ್ಲು’ ಎಂದರೆ ಕ್ರಿಸ್‌ಮಸ್. ಎರಡೂ ಒಂದೇ ಜರ್ಮಾನಿಕ್ ಚಳಿಗಾಲದ ಹಬ್ಬದ ಹೆಸರಿನಿಂದ ಬಂದವು, ಸ್ವೀಡಿಶ್‌ನಲ್ಲಿ ಅದು ಈಗ ‘ಯೂಲ್’. ಮೂಲಪದದ ನಡುವೆ ಹಕಾರ ಇದ್ದಾಗ ತೆಗೆದುಕೊಂಡದ್ದು ಯುಹ್ಲ, ಹಕಾರ ಬಿದ್ದ ಮೇಲೆ ತೆಗೆದುಕೊಂಡದ್ದು ಯೊವ್ಲು.

ಸಂದೇಹಿ:

ಹಾಗಿದ್ದರೆ ‘-ಅಸ್’ ಅಂತ್ಯದ ಪದಗಳೆಲ್ಲ ಹಳೆಯ ಜರ್ಮಾನಿಕ್ ಎರವಲು ಎನ್ನಬಹುದೇ? ಒಂದು ಪಟ್ಟಿ ಮಾಡಿದ್ದೇನೆ: ಲಮ್ಮಸ್ (ಕುರಿ), ಅರ್ಮಸ್ (ಪ್ರಿಯ), ಸಯ್ರಸ್ (ರೋಗಿ), ರುಹ್ತಿನಸ್ (ಒಡೆಯ, ರಾಜಕುಮಾರ), ಹಮ್ಮಸ್ (ಹಲ್ಲು), ಪೊರ್ಸಸ್ (ಹಂದಿಮರಿ).

ಹಿಮನುಡಿ:

ಮೊದಲ ನಾಲ್ಕು ಸರಿ, ಕೊನೆಯ ಎರಡು ತಪ್ಪು. ಬಹಳ ಜನ ಎಡವುವುದು ಇಲ್ಲೇ.

‘ಹಮ್ಮಸ್’ ಬಾಲ್ಟಿಕ್ (ಲಿಥುವೇನಿಯನ್, ಲಾಟ್ವಿಯನ್‌ಗಳ ಬಳಗದ) ಪದ, ಲಿಥುವೇನಿಯನ್‌ನ ‘ಜ಼ಂಬಸ್’ನ ನಂಟು. ಲಿಥುವೇನಿಯನ್‌ನಲ್ಲೂ ಪುಲ್ಲಿಂಗಕ್ಕೆ ‘-ಅಸ್’ ಇದೆ, ಹಾಗಾಗಿ ಕೊನೆ ನೋಡಿ ತೀರ್ಪು ಕೊಡಲಾಗದು. ಮೊದಲ ಅಕ್ಷರವೇ ಗುರುತು. ಬಾಲ್ಟಿಕ್‌ನ ಶಕಾರ, ಅದರ ಘೋಷ ಜೊತೆಗಾರ, ಎರಡೂ ಫಿನ್ನಿಕ್‌ಗೆ (ಫಿನ್ನಿಶ್, ಎಸ್ಟೋನಿಯನ್ ಮೊದಲಾದವು ಹುಟ್ಟಿದ ಹಳೆಯ ನುಡಿಗೆ) ಮೊದಲು ‘ಶ’ ಆಗಿ ಬಂದು ಆಮೇಲೆ ‘ಹ’ ಆದವು. ಹುಲ್ಲಿಗೆ ಲಿಥುವೇನಿಯನ್ ‘ಶಿಯೆನಸ್’, ಫಿನ್ನಿಶ್ ‘ಹೆಯ್ನ್ಯಾ’. ಬಾತುಕೋಳಿಯ ಜಾತಿಯ ಹೆಬ್ಬಾತಿಗೆ ಫಿನ್ನಿಶ್ ‘ಹನ್ಹಿ’. ಬೆಳೆ ಸುಡುವ ಹಿಮಕ್ಕೆ ಲಿಥುವೇನಿಯನ್ ‘ಶಲ್ನ’, ಫಿನ್ನಿಶ್ ‘ಹಲ್ಲ’.

‘ಪೊರ್ಸಸ್’ ಇನ್ನೂ ಹಳೆಯದು, ಇಂಡೋ-ಇರಾನಿಯನ್ (ಸಂಸ್ಕೃತ ಮತ್ತು ಇರಾನಿ ನುಡಿಗಳ ಬಳಗ) ಪದರಕ್ಕೆ ಸೇರಿದ್ದು.

ಸಯ್ರಸ್, ಅರ್ಮಸ್ ಎರಡರಲ್ಲೂ ಅರ್ಥ ಸರಿದಿರುವುದನ್ನು ಗಮನಿಸಿ. ಜರ್ಮಾನಿಕ್‌ನಲ್ಲಿ *ಸಯ್ರಜ಼್ ಎಂದರೆ ಗಾಯಗೊಂಡ, ನೋಯುವ. ಸ್ವೀಡಿಶ್‌ನಲ್ಲಿ ‘ಸೋರ್’ ಎಂದರೆ ಇಂದಿಗೂ ಗಾಯ. *ಅರ್ಮಜ಼್ ಎಂದರೆ ಬಡವ, ಪಾಪ ಎನ್ನಿಸುವವನು. ಪಾಪ ಎನ್ನಿಸುವವನ ಮೇಲೆ ಅಕ್ಕರೆ ಹುಟ್ಟಿ ಫಿನ್ನಿಶ್‌ನಲ್ಲಿ ಅದು ‘ಪ್ರಿಯ’ ಆಯಿತು.

ಅಕ್ಷರಪಾಲ:

ಪೊರ್ಸಸ್ ಮಾತು ಬಂದದ್ದರಿಂದ ಕೇಳುತ್ತೇನೆ. ಫಿನ್ನಿಶ್‌ನಲ್ಲಿ ನೂರಕ್ಕೆ ‘ಸತ’. ಸಂಸ್ಕೃತದ ‘ಶತ’, ನಮ್ಮ ಶತಮಾನದ ‘ಶತ’. ಇದು ಸ್ವೀಡಿಶ್ ಮೂಲಕ ಹೋಯಿತೇ, ಕಾಕತಾಳೀಯವೇ?

ಹಿಮನುಡಿ:

ಎರಡೂ ಅಲ್ಲ. ಸ್ವೀಡಿಶ್‌ನಲ್ಲಿ ನೂರಕ್ಕೆ ‘ಹುಂದ್ರ’, ಅದರಿಂದ ‘ಸತ’ ಹುಟ್ಟಲು ಸಾಧ್ಯವಿಲ್ಲ. ಫಿನ್ನಿಶ್, ಹಂಗೇರಿಯನ್ ಸೇರಿದ ಯುರಾಲಿಕ್ ಬಳಗದ ನುಡಿಗಳ ಪೂರ್ವಿಕರು ರಷ್ಯಾದ ಹುಲ್ಲುಗಾವಲಿನ ಅಂಚಿನಲ್ಲಿದ್ದಾಗ ಇಂಡೋ-ಇರಾನಿಯನ್ ಮಾತಾಡುವವರ ನೆರೆಯಲ್ಲಿದ್ದರು. ನಾರ್ಡಿಕ್ ಸಂಪರ್ಕಕ್ಕಿಂತ ಎಷ್ಟೋ ಮೊದಲಿನ ಸಂಗತಿ. ‘ಸತ’ ಆಗ ಬಂದದ್ದು. ಸುತ್ತಿಗೆಗೆ ಫಿನ್ನಿಶ್ ‘ವಸರ’, ಅದು ‘ವಜ್ರ’ದ ನಂಟು. ಇಂದ್ರನ ವಜ್ರಾಯುಧ ಹೊಡೆಯುವ ಆಯುಧವೇ ತಾನೇ. ಗುಲಾಮನಿಗೆ ‘ಒರ್ಯ’ ಎನ್ನುತ್ತಾರೆ, ಅದನ್ನು ‘ಆರ್ಯ’ ಪದಕ್ಕೆ ಜೋಡಿಸುತ್ತಾರೆ. ಸೆರೆಸಿಕ್ಕ ಬೇರೆ ಕುಲದವನ ಹೆಸರೇ ಗುಲಾಮ ಎಂಬ ಅರ್ಥ ಪಡೆದದ್ದು ಎಂದು ವಿವರಣೆ.

ಕನ್ನಡದ ‘ಶತ’ವೂ ಎರವಲೇ, ನಮ್ಮದು ‘ನೂರು’. ಒಂದೇ ಮೂಲದ ಪದವನ್ನು ಇಬ್ಬರು ಬೇರೆ ಬೇರೆ ಕಡೆ, ಬೇರೆ ಬೇರೆ ಕಾಲದಲ್ಲಿ ಪಡೆದದ್ದು ಅಷ್ಟೆ. ಇದರಿಂದ ಕನ್ನಡಕ್ಕೂ ಫಿನ್ನಿಶ್‌ಗೂ ರಕ್ತಸಂಬಂಧ ಸಾಬೀತಾಗುವುದಿಲ್ಲ.

ಕಡಲಂಚು:

ಧ್ವನಿ ಬದಲಿಯ ನಿಯಮಗಳನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಇವು ಗೊತ್ತಿಲ್ಲದೆ ಬರೀ ಹೋಲಿಕೆ ಹಿಡಿದು ಹೊರಟರೆ ದಾರಿ ತಪ್ಪುತ್ತದೆ.

ಹಳೆಯ ಫಿನ್ನಿಕ್‌ನಲ್ಲಿ ಪದದ ಆರಂಭದಲ್ಲಿ ಒಂದೇ ವ್ಯಂಜನ ಇರಬಹುದು, ಒತ್ತಕ್ಷರ ಕೂಡದು. ಎರವಲು ಪದದಲ್ಲಿ ಎರಡು ಮೂರು ವ್ಯಂಜನ ಒಟ್ಟಿಗೆ ಬಂದರೆ ಕೊನೆಯದನ್ನು ಮಾತ್ರ ಉಳಿಸಿಕೊಂಡು ಅದಕ್ಕೆ ಮೊದಲಿನವನ್ನೆಲ್ಲ ಬಿಡುತ್ತಾರೆ. *ಸ್ತ್ರಂದೊ ಎಂಬ ದಡ ‘ರಂತ’ ಆಯಿತು. *ಸ್ಕವ್ನಿಜ಼್ ಎಂಬ ಚೆಲುವು ‘ಕವ್ನಿಸ್’. *ದ್ರುಹ್ತಿನಜ಼್ ಎಂಬ ಒಡೆಯ ‘ರುಹ್ತಿನಸ್’. ರೊಟ್ಟಿ *ಹ್ಲಯ್ಬಜ಼್ ‘ಲೆಯ್ಪ್ಯಾ’ ಆಯಿತು, ಇಂಗ್ಲಿಷ್‌ನ ‘ಲೋಫ್’ ಇದೇ ಪದ. ಸ್ವೀಡಿಶ್ ಕಾಲದಲ್ಲೂ ಅದೇ ನಿಯಮ ಮುಂದುವರಿಯಿತು: ಕುರ್ಚಿ ‘ಸ್ತೂಲ್’ನಿಂದ ‘ತುವೊಲಿ’, ಶಾಲೆ ‘ಸ್ಕೂಲ’ದಿಂದ ‘ಕೊವ್ಲು’, ಗಾಜು ‘ಗ್ಲಾಸ್’ನಿಂದ ‘ಲಸಿ’, ತಿರುಪು ಮೊಳೆ ‘ಸ್ಕ್ರೂವ್’ನಿಂದ ‘ರೂವಿ’.

ನಮ್ಮ ಹಳ್ಳಿಗಳ ‘ಟೇಸನ್ನು’ ನೆನಪಿಸಿಕೊಳ್ಳಿ, ಅಲ್ಲೂ ಮುಂದಿನ ಸಕಾರ ಬಿದ್ದಿದೆ. ಆದರೆ ಕನ್ನಡ ಹೆಚ್ಚಾಗಿ ಬಿಡುವುದಿಲ್ಲ, ಸ್ವರ ಸೇರಿಸಿ ಸಡಿಲಿಸುತ್ತದೆ: ಇಸ್ಕೂಲು, ಸಿರಿ, ಚಂದಿರ. ಫಿನ್ನಿಶ್ ಕತ್ತರಿಸುತ್ತದೆ.

ಈ ನಿಯಮ ಎಲ್ಲೆಡೆ ಒಂದೇ ಬಿಗಿಯಲ್ಲಿ ನಡೆಯಲಿಲ್ಲ. ಪಶ್ಚಿಮದ ಉಪಭಾಷೆಗಳು ಸ್ವೀಡಿಶ್ ನೆರೆಯಲ್ಲಿದ್ದು ಒತ್ತಕ್ಷರಕ್ಕೆ ಬೇಗ ಒಗ್ಗಿದವು. ಅಲ್ಲಿ ಗಾಜು ‘ಕ್ಲಸಿ’, ಆಳುಮಗ ‘ತ್ರೆಂಕಿ’. ಪ್ರಮಾಣ ನುಡಿಯಲ್ಲಿ ‘ಲಸಿ’, ‘ರೆಂಕಿ’. ಕಿರೀಟಕ್ಕೆ ‘ಕ್ರೂನು’ ಎಂದು ಪ್ರಮಾಣ ನುಡಿಯೇ ಒತ್ತಕ್ಷರ ಉಳಿಸಿಕೊಂಡಿದೆ. ಹಾಗಾಗಿ ಒತ್ತಕ್ಷರ ಉಳಿದಿದ್ದರೆ ಪದ ಹೊಸದು ಎನ್ನಬಹುದು. ಬಿದ್ದಿದೆ ಎಂದ ಮಾತ್ರಕ್ಕೆ ಬಹಳ ಹಳೆಯದು ಎನ್ನಲಾಗದು.

ಇನ್ನು ಫಕಾರ. ಇದು ಒಳ್ಳೆಯ ಗಡಿಯಾರ. ಹಳೆಯ ಪದರದಲ್ಲಿ ‘ಫ’ ಬಂದಲ್ಲಿ ‘ಪ’ ಕೂರುತ್ತದೆ: ಹೊಲಕ್ಕೆ ‘ಪೆಲ್ತೊ’, ಜರ್ಮನ್‌ನಲ್ಲಿ ಅದು ‘ಫೆಲ್ಡ್’. ಆಮೇಲಿನ ಪದಗಳಲ್ಲಿ ಆರಂಭದಲ್ಲಿ ‘ವ’, ನಡುವೆ ‘ಹ್ವ’: ಸ್ವೀಡಿಶ್ ‘ಕಫೆ’ ಫಿನ್ನಿಶ್‌ನಲ್ಲಿ ‘ಕಹ್ವಿ’, ನಾವು ಕುಡಿಯುವ ಕಾಫಿ. ಈಚಿನ ‘ಫಿಲ್ಮಿ’ಯಲ್ಲಿ ಫಕಾರ ಹಾಗೇ ಇದೆ.

ಸಂದೇಹಿ:

ಘೋಷ ವ್ಯಂಜನಗಳು? ಫಿನ್ನಿಶ್‌ನಲ್ಲಿ ಗ, ದ, ಬ ಇರಲಿಲ್ಲ ಎನ್ನುತ್ತಾರೆ. ಹಾಗಾದರೆ ಸ್ವೀಡಿಶ್‌ನ ಕ ಮತ್ತು ಗ ಎರಡೂ ‘ಕ’ ಆಗಿ ಕಲಸಿಹೋಗಬೇಕಿತ್ತಲ್ಲ?

ಕಡಲಂಚು:

ಪದದ ಆರಂಭದಲ್ಲಿ ನಿಜಕ್ಕೂ ಕಲಸಿಹೋದವು. ಚಿನ್ನ *ಗುಲ್ಥ ‘ಕುಲ್ತ’ ಆಯಿತು, ಬೀದಿ ‘ಗಾತ’ ‘ಕತು’ ಆಯಿತು. ನಡುವೆ ಮಾತ್ರ ಚಂದದ ಉಪಾಯ ಮಾಡಿದರು. ಫಿನ್ನಿಶ್‌ಗೆ ಘೋಷ ಅಘೋಷದ ವ್ಯತ್ಯಾಸ ಇರಲಿಲ್ಲ, ಆದರೆ ಒಂಟಿ ಮತ್ತು ದ್ವಿತ್ವದ ವ್ಯತ್ಯಾಸ ಇತ್ತು. ಸ್ವೀಡಿಶ್‌ನ ಘೋಷಕ್ಕೆ ಒಂಟಿ, ಅಘೋಷಕ್ಕೆ ದ್ವಿತ್ವ ಎಂದು ಹಂಚಿಬಿಟ್ಟರು.

ಆಳುಮಗ ‘ದ್ರೆಂಗ್’ನಿಂದ ‘ರೆಂಕಿ’, ಒಂದೇ ಕ. ಬೆಂಚು ‘ಬೆಂಕ್’ನಿಂದ ‘ಪೆಂಕ್ಕಿ’, ಎರಡು ಕ. ಉಂಗುರ ‘ರಿಂಗ್’ನಿಂದ ‘ರಿಂಕಿ’. ಬ್ಯಾಂಕಿನಿಂದ ‘ಪಂಕ್ಕಿ’. ಮೂಲದಲ್ಲಿ ಗ ಇತ್ತೋ ಕ ಇತ್ತೋ ಎಂಬುದು ಇದರಿಂದಲೇ ತಿಳಿಯುತ್ತದೆ. ಹುಡುಕುವಾಗ ದ್ವಿತ್ವವನ್ನು ಅಲಕ್ಷಿಸಿದರೆ ತಪ್ಪು ಮೂಲಕ್ಕೆ ಹೋಗಿ ನಿಲ್ಲುತ್ತೀರಿ.

ಕೊನೆಯ ‘ಇ’ ಕೂಡ ಗಮನಿಸಿ. ಸ್ವೀಡಿಶ್ ಪದ ವ್ಯಂಜನದಲ್ಲಿ ಮುಗಿದರೆ ಫಿನ್ನಿಶ್ ಹೆಚ್ಚಾಗಿ ‘ಇ’ ಸೇರಿಸುತ್ತದೆ. ನಾವು ‘ಉ’ ಸೇರಿಸುವ ಹಾಗೆ. ಅವರಿಗೆ ಪಂಕ್ಕಿ, ಬುಸ್ಸಿ. ನಮಗೆ ಬ್ಯಾಂಕು, ಬಸ್ಸು.

ತದ್ಭವಪ್ರಿಯ:

ಒಂದೇ ಪದ ಎರಡು ಸಲ ಬಂದ ಜೋಡಿಗಳನ್ನು ಹುಡುಕಿದರೆ ಇದೆಲ್ಲ ಕಣ್ಣಿಗೆ ಕಾಣುತ್ತದೆ. ‘ರೆಂಗಸ್’ ಮತ್ತು ‘ರಿಂಕಿ’ಯನ್ನೇ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ‘-ಅಸ್’ ಇದೆ, ಜೊತೆಗೆ ಎಕಾರವೂ ಇದೆ. ಅನುನಾಸಿಕಕ್ಕೆ ಮುಂಚೆ ಬರುವ ಎಕಾರ ಜರ್ಮಾನಿಕ್‌ನಲ್ಲಿ ಬಹು ಹಿಂದೆಯೇ ಇಕಾರವಾಯಿತು. ಫಿನ್ನಿಶ್‌ನಲ್ಲಿ ಆ ಬದಲಾವಣೆಗೂ ಮೊದಲಿನ ಸ್ವರ ಉಳಿದಿದೆ.

ಹಾಸಿಗೆಯಲ್ಲೂ ಹಾಗೇ. *ಬದ್ಯ ಎಂಬುದರಿಂದ ‘ಪತ್ಯ’, ಹಾಸುವ ಮೆತ್ತೆ. ಆಮೇಲೆ ಸ್ವೀಡಿಶ್ ‘ಬೆಡ್’ನಿಂದ ‘ಪೆತಿ’, ಮಲಗುವ ಮಂಚ. ಇಂಗ್ಲಿಷ್‌ನ ‘ಬೆಡ್’ ಕೂಡ ಇದೇ ಬೇರಿನದು.

ನನಗೆ ಬಹಳ ಇಷ್ಟದ ಜೋಡಿ ‘ಕನ’ ಮತ್ತು ‘ಹನ’. ಕನ ಎಂದರೆ ಕೋಳಿ. ಹನ ಎಂದರೆ ನಲ್ಲಿ. ಮೂಲ ಎರಡಕ್ಕೂ ಹುಂಜದ ಜರ್ಮಾನಿಕ್ ಹೆಸರು. ಅತಿ ಹಳೆಯ ಪದರದಲ್ಲಿ ಜರ್ಮಾನಿಕ್ ‘ಹ’ ಗಂಟಲಿನಿಂದ ಬರುವ ಗಡುಸು ಧ್ವನಿ, ಫಿನ್ನಿಕ್‌ನವರ ಕಿವಿಗೆ ಅದು ‘ಕ’. ಬಂಡೆಗೆ ‘ಕಲ್ಲಿಯೊ’ ಎನ್ನುವುದು ಅದೇ ಕಾಲದ್ದು, ಸ್ವೀಡಿಶ್‌ನಲ್ಲಿ ಅದರ ನಂಟು ‘ಹೆಲ್’. ಶತಮಾನಗಳ ನಂತರ ಸ್ವೀಡಿಶ್ ‘ಹಾನೆ’ ಬಂದಾಗ ಎರಡೂ ಕಡೆ ಮೆತ್ತನೆಯ ಹಕಾರ ಇತ್ತು, ಹಾಗೇ ಉಳಿಯಿತು. ಪೀಪಾಯಿಯ ತಿರುಗುವ ತೂಬಿನ ಹಿಡಿಗೆ ಹುಂಜದ ಹೆಸರಿಡುವುದು ಯುರೋಪಿನಲ್ಲಿ ಹಲವೆಡೆ ಇದ್ದ ರೂಢಿ, ಬಂದೂಕಿನ ಕುದುರೆಗೂ ಅದೇ ಹೆಸರು.

‘ಕಲ್ಲಿಯೊ’ ನೋಡಿ ನಮ್ಮ ‘ಕಲ್ಲು’ ನೆನೆಯಬೇಡಿ. ಅದು ಬರೀ ಆಕಸ್ಮಿಕ. ಮೂಲದಲ್ಲಿ ಹಕಾರ ಇತ್ತು ಎಂಬುದೇ ಅದಕ್ಕೆ ಸಾಕ್ಷಿ.

ಎಸ್ತೊನಾಡು:

ಚರ್ಚೆ ಫಿನ್ನಿಶ್‌ಗೇ ಅಂಟಿಕೊಂಡಿದೆ. ಎಸ್ಟೋನಿಯನ್ ಪಕ್ಕಕ್ಕಿಟ್ಟರೆ ಮುಖ್ಯವಾದ ಒಂದು ಪರೀಕ್ಷೆ ಕೈತಪ್ಪುತ್ತದೆ.

ಪದವೊಂದು ಫಿನ್ನಿಶ್, ಎಸ್ಟೋನಿಯನ್, ಕರೇಲಿಯನ್, ವೆಪ್ಸ್, ವೋಟಿಕ್, ಲಿವೋನಿಯನ್ ಹೀಗೆ ಎಲ್ಲೆಡೆ ಹರಡಿದ್ದರೆ ಈ ನುಡಿಗಳು ಬೇರ್ಪಡುವ ಮೊದಲೇ ಬಂದಿರಬಹುದು. ಫಿನ್ನಿಶ್ ಮತ್ತು ಅದರ ಪಕ್ಕದಲ್ಲಷ್ಟೇ ಇದ್ದರೆ ಸ್ವೀಡಿಶ್ ಕಾಲದ್ದು ಎಂಬ ಅನುಮಾನ ಬಲವಾಗುತ್ತದೆ. ಆದರೆ ಎರಡು ಕಡೆ ಇದೆ ಎಂದ ಕೂಡಲೇ ಹಳೆಯದೆಂದು ಬರೆದುಬಿಡಬೇಡಿ. ಶಾಲೆ ಫಿನ್ನಿಶ್‌ನಲ್ಲಿ ‘ಕೊವ್ಲು’, ಎಸ್ಟೋನಿಯನ್‌ನಲ್ಲಿ ‘ಕೋಲ್’. ಒಂದೇ ಪದದ ಎರಡು ರೂಪದಂತೆ ಕಾಣುತ್ತದೆ. ಆದರೆ ಫಿನ್ನಿಶ್ ಅದನ್ನು ಸ್ವೀಡಿಶ್‌ನಿಂದ ಪಡೆಯಿತು, ಎಸ್ಟೋನಿಯನ್ ಹ್ಯಾನ್ಸಾ (ಉತ್ತರ ಜರ್ಮನ್ ಪಟ್ಟಣಗಳ ವ್ಯಾಪಾರ ಕೂಟ) ವರ್ತಕರ ಕೆಳ ಜರ್ಮನ್‌ನಿಂದ ಪಡೆಯಿತು. ಅದೇ ಹೊತ್ತಿನಲ್ಲಿ ಕೆಳ ಜರ್ಮನ್ ಸ್ವೀಡಿಶ್‌ಗೂ ರಾಶಿ ರಾಶಿ ಪದ ತುಂಬುತ್ತಿತ್ತು. ಹೀಗೆ ಕೊಟ್ಟವರೇ ಒಂದೆಡೆ ಪಡೆದವರೂ ಆಗಿರುವುದರಿಂದ ಗೊಂದಲ.

ವಾರದ ಹೆಸರುಗಳಲ್ಲಿ ಎರಡು ನುಡಿಗಳ ದಾರಿ ಪೂರ್ತಿ ಬೇರೆ. ಎಸ್ಟೋನಿಯನ್ ಮೊದಲ ನಾಲ್ಕು ದಿನಗಳನ್ನು ಎಣಿಸುತ್ತದೆ: ಒಂದನೇ ದಿನ, ಎರಡನೇ ದಿನ, ಮೂರನೇ ದಿನ, ನಾಲ್ಕನೇ ದಿನ. ಭಾನುವಾರ ‘ಪವಿತ್ರ ದಿನ’. ಶುಕ್ರವಾರ ಮಾತ್ರ ‘ರೇದೆ’, ಜರ್ಮಾನಿಕ್‌ನಿಂದ ಬಂದದ್ದು, ಕಡಲಂಚು ಹೇಳಿದ ನಿಯಮದಂತೆ ಮುಂದಿನ ಫಕಾರ ಬಿದ್ದಿದೆ. ಫಿನ್ನಿಶ್ ಬಹುಪಾಲು ಹಳೆಯ ಸ್ವೀಡಿಶ್ ಹೆಸರುಗಳನ್ನೇ ತಂದುಕೊಂಡಿತು. ಗುರುವಾರ ‘ತೊರ್ಸ್ತಯ್’, ಥೋರ್ ದೇವರ ದಿನ. ಅದೂ ನಮ್ಮ ಗುರುವಾರವೂ ಒಂದೇ ಹಳೆಯ ಗ್ರಹವಾರ ಪದ್ಧತಿಯವು, ರೋಮನ್ನರ ಜುಪಿಟರನ ದಿನವನ್ನು ಉತ್ತರದವರು ಥೋರ್‌ಗೆ ಕೊಟ್ಟರು. ಶುಕ್ರವಾರ ‘ಪೆರ್ಯಂತಯ್’, ಇಲ್ಲಿ ಫಕಾರ ಪಕಾರ ಆಗಿದೆ. ಬುಧವಾರ ಮಾತ್ರ ‘ಕೆಸ್ಕಿವೀಕ್ಕೊ’, ಅಂದರೆ ವಾರದ ನಡು. ಇದು ಜರ್ಮನ್ ‘ಮಿಟ್‌ವೋಖ್’ ಮಾದರಿಯ ಪಡಿಯಚ್ಚು.

ನುಡಿಬೇರು:

ಶನಿವಾರ?

ಎಸ್ತೊನಾಡು:

ಫಿನ್ನಿಶ್‌ನಲ್ಲಿ ‘ಲವುವಂತಯ್’, ಹಳೆಯ ನಾರ್ಡಿಕ್‌ನ ‘ಮೀಯುವ ದಿನ’ದಿಂದ. ಸ್ವೀಡಿಶ್‌ನಲ್ಲಿ ಈಗ ಸವೆದು ‘ಲೋರ್ದಾಗ್’ ಆಗಿದೆ, ಐಸ್‌ಲ್ಯಾಂಡಿಕ್‌ನ ‘ಲೋಯ್ಗರ್ದಾಗುರ್’ ಮೂಲಕ್ಕೆ ಹತ್ತಿರ ಉಳಿದಿದೆ. ಎಸ್ಟೋನಿಯನ್‌ನ ಶನಿವಾರದಲ್ಲೂ ಮೊದಲ ತುಂಡು ‘ಲವ್’ ಅದೇ. ವಾರಕ್ಕೊಮ್ಮೆ ಸೌನಾ ಕಾಯಿಸಿ ಮೀಯುವ ಜನಕ್ಕೆ ಆ ಹೆಸರು ಹೊಂದಿಕೊಂಡಿತು.

ಮರಳುಗಾಡು:

ತಾಯಿ, ರೊಟ್ಟಿ, ಹೊಲ ಇಂಥ ಮೂಲಭೂತ ಪದಗಳನ್ನೂ ಎರವಲು ಪಡೆಯುತ್ತಾರೆಯೇ? ಮೂಲಭೂತ ಪದಗಳು ಸಾಮಾನ್ಯವಾಗಿ ಸ್ವಂತದ್ದೇ ಆಗಿರುತ್ತವೆ ಎಂದು ಓದಿದ್ದೆ.

ಹಿಮನುಡಿ:

‘ಸಾಮಾನ್ಯವಾಗಿ’ ಎಂಬುದು ನಿಜ, ಆದರೆ ಅದನ್ನೇ ನಿಯಮ ಮಾಡಿಕೊಂಡರೆ ಫಿನ್ನಿಶ್‌ನಲ್ಲಿ ಸೋಲುತ್ತೀರಿ. ತಾಯಿಗೆ ‘ಆ್ಯಯ್ತಿ’ ಎನ್ನುತ್ತಾರೆ, ಅದು ಜರ್ಮಾನಿಕ್. ಗೋಥಿಕ್ ಬೈಬಲ್‌ನಲ್ಲಿ ತಾಯಿ ‘ಅಯ್ಥೀ’. ಸ್ವೀಡಿಶ್‌ನಲ್ಲಿ ತಾಯಿಗೆ ‘ಮೋರ್’, ಆ ಕಡೆ ಹೋಲಿಕೆ ಹುಡುಕಿದರೆ ಏನೂ ಸಿಗದು. ಸ್ವಂತ ಪದ ‘ಎಮ್ಯಾ’ ಫಿನ್ನಿಶ್‌ನಲ್ಲಿ ಹೆಚ್ಚಾಗಿ ಪ್ರಾಣಿಯ ತಾಯಿಗೆ ಸರಿಯಿತು, ಮನೆಯೊಡತಿಯ ‘ಎಮ್ಯಾಂತ್ಯಾ’ದಲ್ಲಿ ಮರ್ಯಾದೆಯಿಂದ ಉಳಿಯಿತು. ಎಸ್ಟೋನಿಯನ್‌ನಲ್ಲಿ ತಾಯಿ ಇಂದಿಗೂ ‘ಎಮ’. ಮಗಳು, ಸೋದರಿ ಎಂಬ ಪದಗಳು ಬಾಲ್ಟಿಕ್ ಎರವಲು: ‘ತ್ಯುತಾರ್’, ‘ಸಿಸರ್’. ಕೊನೆಗೆ ‘ಮತ್ತು’ ಎನ್ನುವ ‘ಯ’ ಕೂಡ ಜರ್ಮಾನಿಕ್‌ನಿಂದ ಬಂದದ್ದು, ಗೋಥಿಕ್‌ನಲ್ಲಿ ‘ಯಹ್’.

ಅವ್ಯಯ ಮತ್ತು ತಾಯಿಯ ಹೆಸರು ದಾಟಬೇಕಾದರೆ ವ್ಯಾಪಾರದ ಪರ್ಯಟನೆ ಸಾಲದು. ಒಂದೇ ಊರಲ್ಲಿ ಬಾಳಿ, ಮದುವೆಯಾಗಿ, ಎರಡು ನುಡಿಯಲ್ಲಿ ಮಕ್ಕಳನ್ನು ಬೆಳೆಸಿದ ಜನ ಇದ್ದಿರಬೇಕು.

ಲೋಹಗಳ ಪದ ನೋಡಿದರೆ ಇನ್ನೊಂದು ಬಗೆಯ ಸಂಪರ್ಕ ಕಾಣುತ್ತದೆ. ಕಬ್ಬಿಣಕ್ಕೆ ‘ರವ್ತ’. ಅದು ‘ಕೆಂಪು’ ಎಂಬ ಜರ್ಮಾನಿಕ್ ಬೇರಿನದು. ಜೌಗು ನೆಲದಲ್ಲಿ ಸಿಗುವ ಕೆಂಪು ಅದಿರಿಗೆ ಹಳೆಯ ನಾರ್ಸ್‌ನಲ್ಲಿ ‘ರವ್ದಿ’ ಎನ್ನುತ್ತಿದ್ದರು. ಅದಿರಿನ ಹೆಸರು ಲೋಹಕ್ಕೆ ಬಂತು. ಕತ್ತಿಗೆ ‘ಮಿಯೆಕ್ಕ’, ಗೋಥಿಕ್‌ನಲ್ಲಿ ‘ಮೇಕೀಸ್’. ಇದರ ‘ಇಯೆ’ ಬಂದದ್ದು ಹಳೆಯ ಏಕಾರದಿಂದ. ಉತ್ತರದ ಮತ್ತು ಪಶ್ಚಿಮದ ಜರ್ಮಾನಿಕ್‌ನಲ್ಲಿ ಆ ಏಕಾರ ಆಮೇಲೆ ಆಕಾರವಾಯಿತು, ಗೋಥಿಕ್‌ನಲ್ಲಿ ಉಳಿಯಿತು. ಹಾಗಾಗಿ ಕತ್ತಿಯ ಪದ ಒಂದೋ ಆ ಬದಲಾವಣೆಗೆ ಮೊದಲು ಬಂದಿರಬೇಕು, ಇಲ್ಲವೇ ಪೂರ್ವದ ಜರ್ಮಾನಿಕ್‌ನಿಂದ ಬಂದಿರಬೇಕು. ಧ್ವನಿ ಮಾತ್ರ ನೋಡಿ ಎರಡರಲ್ಲಿ ಒಂದನ್ನು ಆರಿಸಲಾಗದು.

ಕಡಲಂಚು:

ಒಂದು ಸೇರಿಸುತ್ತೇನೆ. ಎರವಲು ಪದ ಫಿನ್ನಿಶ್ ವ್ಯಾಕರಣಕ್ಕೆ ಎಷ್ಟು ಒಗ್ಗಿದೆ ಎಂಬುದನ್ನು ಷಷ್ಠಿ ವಿಭಕ್ತಿಯಲ್ಲಿ ನೋಡಬಹುದು. ಕುನಿಂಗಸ್, ಷಷ್ಠಿಯಲ್ಲಿ ಕುನಿಂಕಾನ್. ಲಮ್ಮಸ್, ಲಂಪಾನ್. ಕುಲ್ತ, ಕುಲ್ಲನ್. ರಂತ, ರನ್ನನ್. ಅಚ್ಚ ಫಿನ್ನಿಶ್ ಪದಗಳಂತೆಯೇ ನಡುವಿನ ವ್ಯಂಜನ ಬದಲಾಗುತ್ತದೆ. ‘ಅವ್ತೊ’ (ಕಾರು) ಷಷ್ಠಿಯಲ್ಲಿ ‘ಅವ್ತೊನ್’, ತಕಾರ ಅಲುಗುವುದಿಲ್ಲ, ಅದು ತೀರ ಹೊಸದು. ಆದರೆ ‘ಪೆಂಕ್ಕಿ, ಪೆಂಕಿನ್’ ರೀತಿಯ ದ್ವಿತ್ವದ ಬದಲಾವಣೆಗೆ ಹೊಸ ಪದಗಳೂ ಒಳಪಡುತ್ತವೆ, ಅದರಿಂದ ಕಾಲ ಹೇಳಬೇಡಿ.

ಅಕ್ಷರಪಾಲ:

ಎಲ್ಲ ಹರಿವೂ ಪಶ್ಚಿಮದಿಂದ ಪೂರ್ವಕ್ಕೇ ಆಯಿತೇ? ಫಿನ್ನಿಶ್‌ನಿಂದ ಸ್ವೀಡಿಶ್‌ಗೆ ಏನೂ ಹೋಗಲಿಲ್ಲವೇ?

ಎಸ್ತೊನಾಡು:

ಹೋಗಿದೆ, ಸಂಖ್ಯೆ ಕಡಿಮೆ. ಆದರೆ ‘ಹುಡುಗ’ ಎಂಬ ಪದವೇ ಹೋಗಿದೆ! ಸ್ವೀಡಿಶ್‌ನ ‘ಪೊಯ್ಕೆ’ ಫಿನ್ನಿಶ್‌ನ ‘ಪೊಯ್ಕ’ದಿಂದ ಬಂದದ್ದು. ಇಂಗ್ಲಿಷ್‌ನ ‘ಬಾಯ್’ಗೆ ಇದನ್ನು ಜೋಡಿಸುವವರಿದ್ದಾರೆ, ಅದಕ್ಕೆ ಆಧಾರವಿಲ್ಲ. ಗಟ್ಟಿ ಬೂಟಿಗೆ ಸ್ವೀಡಿಶ್ ‘ಶೆಂಗ’, ಬರಹದಲ್ಲಿ ‘ಕೆಂಗ’. ಅದು ಫಿನ್ನಿಶ್ ‘ಕೆಂಕ್ಯಾ’ (ಪಾದರಕ್ಷೆ). ಅರ್ಥವಿಲ್ಲದ ಮಾತಿಗೆ ‘ರಪ್ಪಕಲ್ಯ’, ಫಿನ್ನಿಶ್‌ನಲ್ಲಿ ಅದು ಕಳಪೆ ತೆಳು ಬಿಯರ್‌ನ ಹೆಸರು. ಹಿಮದ ಮೇಲೆ ಎಳೆಯುವ ಜಾರುಬಂಡಿ ‘ಪುಲ್ಕ’ ಸಾಮಿ ಅಥವಾ ಫಿನ್ನಿಶ್ ಮೂಲದ್ದು. ತೆನೆ ಒಣಗಿಸುವ ಕಟ್ಟಡಕ್ಕೆ ‘ರಿಯ’, ಫಿನ್ನಿಶ್‌ನ ‘ರೀಹಿ’. ಹೋದವು ಹೀಗೆ ಕಾಡು, ಹೊಲ, ಮನೆಯಂಗಳದ ಪದಗಳು. ಬಂದವು ಆಡಳಿತ, ಪೇಟೆ, ಕಾನೂನಿನ ಪದಗಳು: ನ್ಯಾಯಾಧೀಶನಿಗೆ ‘ತುವೊಮರಿ’, ವೈದ್ಯನಿಗೆ ‘ಲ್ಯಾಕಾರಿ’. ಯಾರ ಕೈಯಲ್ಲಿ ಏನಿತ್ತು ಎಂಬುದು ಇದರಲ್ಲೇ ಇದೆ.

ಸೌನಾಕ್ಕೆ ಸ್ವೀಡಿಶರು ತಮ್ಮದೇ ‘ಬಸ್ತು’ ಉಳಿಸಿಕೊಂಡಿದ್ದಾರೆ. ‘ಸ್ನಾನದ ಕೋಣೆ’ ಎಂಬ ಸಮಾಸ ಸವೆದು ಆದದ್ದು. ಜಗತ್ತಿಗೆಲ್ಲ ಹೋದ ಪದ ಪಕ್ಕದ ಮನೆಗೆ ಹೋಗಲಿಲ್ಲ.

ತದ್ಭವಪ್ರಿಯ:

ಸಾಮಿ ನುಡಿಯನ್ನೂ ಮರೆಯಬಾರದು. ಉತ್ತರ ಸಾಮಿಯಲ್ಲಿ ಅರಸ ‘ಗೊನಗಸ್’. ಇದು ಫಿನ್ನಿಶ್‌ನಿಂದ ಹೋದದ್ದಲ್ಲ. ನಾರ್ಡಿಕ್ ಕಡೆ ಇದ್ದ *ಕುನುಂಗಜ಼್ ಎಂಬ ಇನ್ನೊಂದು ರೂಪದಿಂದ ನೇರ ಬಂದದ್ದು, ನಾರ್ಸ್‌ನ ‘ಕೊನುಂಗ್ರ್’ ಕೂಡ ಆ ಉಕಾರದ ರೂಪದ್ದೇ. ಒಂದೇ ಅರಸ ಎರಡು ಬಾಗಿಲಲ್ಲಿ ಒಳಬಂದ. ಲಿಥುವೇನಿಯನ್‌ನಲ್ಲಿ ಇದೇ ಪದ ‘ಕುನಿಗಸ್’ ಆಗಿ ಈಗ ಪಾದ್ರಿ ಎಂಬ ಅರ್ಥದಲ್ಲಿದೆ, ರಷ್ಯನ್‌ನಲ್ಲಿ ‘ಕ್ನ್ಯಾಜ಼್’ ಆಗಿ ರಾಜಕುಮಾರ.

ದೇಶದ ಹೆಸರಿನಲ್ಲೂ ಇಂಥ ಕವಲು ಇದೆ. ಸ್ವೀಡನ್ನಿಗೆ ಫಿನ್ನಿಶ್‌ನಲ್ಲಿ ‘ರುವೊತ್ಸಿ’. ದೋಣಿಗೆ ಹುಟ್ಟು ಹಾಕುವುದಕ್ಕೆ ಸಂಬಂಧಿಸಿದ ಹಳೆಯ ನಾರ್ಡಿಕ್ ಪದ ಅದರ ಮೂಲ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ, ಸ್ಟಾಕ್‌ಹೋಮಿನ ಉತ್ತರದ ಕರಾವಳಿ ‘ರೂಸ್ಲಾಗೆನ್’ನಲ್ಲೂ ಅದೇ ಬೇರು. ಆ ಫಿನ್ನಿಕ್ ಹೆಸರನ್ನು ಸ್ಲಾವ್ ಜನ ‘ರುಸ್’ ಎಂದು ತೆಗೆದುಕೊಂಡರು, ಅದರಿಂದ ರಷ್ಯಾ. ಒಂದೇ ಪದ ಫಿನ್ನರಿಗೆ ಪಶ್ಚಿಮದ ನೆರೆ, ನಮಗೆಲ್ಲ ಪೂರ್ವದ ದೇಶ.

ಮರಳುಗಾಡು:

ಕ್ರೈಸ್ತ ಧರ್ಮದ ಪದಗಳಾದರೂ ಸ್ವೀಡನ್ ಮೂಲಕ ಬಂದಿರಬೇಕಲ್ಲ? ಶಿಲುಬೆಗೆ ‘ರಿಸ್ತಿ’. ‘ಕ್ರಿಸ್ತ’ದ ಕಕಾರ ಬಿದ್ದದ್ದು ಎಂದು ನನ್ನ ಊಹೆ.

ಹಿಮನುಡಿ:

ಕಕಾರ ಬಿದ್ದದ್ದು ಸರಿ, ಕೊಟ್ಟವರು ಬೇರೆ. ರಿಸ್ತಿ, ಪಾದ್ರಿಗೆ ‘ಪಪ್ಪಿ’, ಅನ್ಯಧರ್ಮೀಯನಿಗೆ ‘ಪಕನ’, ಬೈಬಲ್‌ಗೆ ‘ರಾಮತ್ತು’, ಇವೆಲ್ಲ ಪೂರ್ವದ ಹಳೆಯ ಸ್ಲಾವಿಕ್‌ನಿಂದ ಬಂದವು. ಎಸ್ಟೋನಿಯನ್‌ನಲ್ಲಿ ‘ರಾಮತ್’ ಎಂದರೆ ಯಾವುದೇ ಪುಸ್ತಕ. ಸ್ವೀಡಿಶ್ ಚರ್ಚ್ ನೆಲೆಯೂರುವ ಮೊದಲೇ ಆ ಕಡೆಯಿಂದ ಧರ್ಮದ ಸುದ್ದಿ ಬಂದಿತ್ತು. ಚರ್ಚಿಗೆ ಹೇಳುವ ‘ಕಿರ್ಕ್ಕೊ’ ಮಾತ್ರ ಹಳೆಯ ಸ್ವೀಡಿಶ್‌ನದು.

ಬರಹದ ದಾಖಲೆ ಇಲ್ಲಿ ನೆರವಿಗೆ ಬರುವುದಿಲ್ಲ. ಫಿನ್ನಿಶ್‌ನ ಮೊದಲ ಮುದ್ರಿತ ಪುಸ್ತಕ ಮಿಕಾಯೆಲ್ ಅಗ್ರಿಕೊಲನ ಅಕ್ಷರಮಾಲೆ, 1543ರದ್ದು. ಅದರಲ್ಲಿ ಪದ ಇದೆ ಎಂದರೆ ಅದಕ್ಕೂ ಮೊದಲು ಇತ್ತು ಎಂದಷ್ಟೇ ಹೇಳಬಹುದು. ಸ್ವೀಡಿಶ್ ಪದದ ಮೊದಲ ಬಳಕೆ ಬೇಕಾದರೆ ಸ್ವೀಡಿಶ್ ಅಕಾಡೆಮಿಯ ದೊಡ್ಡ ನಿಘಂಟು ಜಾಲತಾಣದಲ್ಲಿ ಇದೆ, ಆ ಕೆಲಸ 2023ರಲ್ಲಿ ಪೂರ್ಣವಾಯಿತು. ಫಿನ್ನಿಶ್ ಪದದ ಮೂಲಕ್ಕೆ ಅಲ್ಲಿನ ಭಾಷಾ ಸಂಸ್ಥೆಯ ನಿರುಕ್ತ ಕೋಶ ನೋಡಿ. ನಮೂದಿನಲ್ಲಿ ‘ಹಳೆಯ ಸ್ವೀಡಿಶ್’ ಎಂದಿದೆಯೋ ‘ಜರ್ಮಾನಿಕ್’ ಎಂದಿದೆಯೋ ಎಂಬುದನ್ನು ಬೇರೆಯಾಗಿ ಗುರುತಿಸಿಕೊಳ್ಳಿ, ಪ್ರಶ್ನೆಗುರುತು ಇದ್ದರೆ ಬರೆಯುವಾಗ ಅದನ್ನು ಬಿಡಬೇಡಿ. ಜಾಲದಲ್ಲಿ ಓಡಾಡುವ ಅರ್ಧದಷ್ಟು ತಪ್ಪು ಹುಟ್ಟುವುದು ಆ ಪ್ರಶ್ನೆಗುರುತನ್ನು ನುಂಗಿದಾಗ.

ನುಡಿಬೇರು:

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಒಂದು: ಮಾರುಕಟ್ಟೆಯ ಬಯಲಿಗೆ ಫಿನ್ನಿಶ್‌ನಲ್ಲಿ ‘ತೊರಿ’, ಸ್ವೀಡಿಶ್‌ನಲ್ಲಿ ‘ತೊರ್ಗ್’. ಇದು ಸ್ವೀಡಿಶ್ ಎರವಲು ಎನ್ನಬಹುದೇ?

ಎಸ್ತೊನಾಡು:

ಫಿನ್ನಿಶ್ ಅದನ್ನು ಪಡೆದದ್ದು ಸ್ವೀಡಿಶ್‌ನಿಂದಲೇ. ಆದರೆ ಸ್ವೀಡಿಶ್ ಅದನ್ನು ಹಳೆಯ ರಷ್ಯನ್‌ನ ‘ತುರ್ಗು’ (ಪೇಟೆ, ವ್ಯಾಪಾರ) ಎಂಬುದರಿಂದ ಪಡೆದಿತ್ತು. ಅದೇ ಸ್ಲಾವಿಕ್ ಪದ ಇನ್ನೊಂದು ಕಡೆಯಿಂದ, ಸ್ವೀಡಿಶ್‌ನ ಹಂಗಿಲ್ಲದೆ, ಫಿನ್ನಿಕ್‌ಗೂ ಬಂದಿತ್ತು. ಫಿನ್‌ಲ್ಯಾಂಡಿನ ಹಳೆಯ ನಗರ ‘ತುರ್ಕು’ವಿನ ಹೆಸರು ಅದೇ. ತುರ್ಕುವಿನ ತೊರಿಯಲ್ಲಿ ನಿಂತರೆ ಒಂದೇ ಪದದ ಮೇಲೆ ಎರಡು ಸಲ ನಿಂತ ಹಾಗೆ.